ಅಕ್ವೇರಿಯಂಗೆ ಮನೆಯಲ್ಲೇ ಆರ್‌ಒ: ಮೆಂಬ್ರೇನಿಗಿಂತ ಮೊದಲು ಏನು, ಆಮೇಲೆ ಏನು

ಕಲ್ಲುಪಾಚಿ

120 ಲೀಟರಿನ ಗಿಡದ ಟ್ಯಾಂಕ್. ಈಗ ಕಾರ್ಡಿನಲ್ ಟೆಟ್ರಾ ಇವೆ, ಮುಂದೆ ಸಿಗಡಿ ಬಿಡಬೇಕು. ಕೊಳವೆಬಾವಿ ನೀರು ಮಾಳಿಗೆ ಮೇಲಿನ ಟ್ಯಾಂಕಿಗೆ ಏರಿ ನಲ್ಲಿಗೆ ಇಳಿಯುತ್ತೆ. ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) 520, ಜಿಎಚ್ (ಒಟ್ಟು ಗಡಸುತನ) 18 ಡಿಗ್ರಿ, ಕೆಎಚ್ (ಪಿಎಚ್ ಕುಸಿಯದಂತೆ ಹಿಡಿದಿಡುವ ಕಾರ್ಬೊನೇಟ್ ಅಂಶ) 14 ಡಿಗ್ರಿ. ಅಡುಗೆಮನೆಯಲ್ಲಿ ಕುಡಿಯುವ ನೀರಿನ ಆರ್‌ಒ ಯಂತ್ರ ಇದೆ. ಅದರಿಂದಲೇ ಹಿಡಿದುಕೊಂಡರೆ ಆಗುತ್ತಾ, ಬೇರೆಯೇ ಜೋಡಿಸಬೇಕಾ? ಜೋಡಿಸೋದಾದರೆ ಯಾವ ಭಾಗ, ಯಾವ ಕ್ರಮದಲ್ಲಿ?

ಪೈಪುರಿಂಚು

ಎರಡರ ಒಳಗಿರುವ ಮೆಂಬ್ರೇನೂ, ಅಂದರೆ ಉಪ್ಪನ್ನು ತಡೆದು ನೀರನ್ನು ಬಿಡುವ ತೆಳು ಪೊರೆ, ಒಂದೇ ಜಾತಿಯದು. ಕುಡಿಯುವ ಯಂತ್ರದ ತಕರಾರು ಇರೋದು ನೀರು ಮೆಂಬ್ರೇನ್ ದಾಟಿದ ಮೇಲೆ. ಅಲ್ಲಿ ನಾಲಿಗೆಗೆ ರುಚಿಯಾಗಲಿ ಅಂತ ಏನೇನೋ ಸೇರಿಸಿರುತ್ತಾರೆ.

ಒಂದು, ಟಿಡಿಎಸ್ ಕಂಟ್ರೋಲರ್. ಹೆಸರು ದೊಡ್ಡದು, ಕೆಲಸ ಇಷ್ಟೇ: ಫಿಲ್ಟರ್ ಮಾತ್ರ ದಾಟಿದ ಗಡಸು ನೀರನ್ನು ಒಂದು ಸಣ್ಣ ತಿರುಪಿನ ಮೂಲಕ ಶುದ್ಧ ನೀರಿಗೆ ಬೆರೆಸೋದು. ಎರಡು, ಖನಿಜದ ಅಥವಾ ಆಲ್ಕಲೈನ್ ಕಾರ್ಟ್ರಿಜ್. ಇದು ಹೊಸದಿದ್ದಾಗ ಜಾಸ್ತಿ, ಹಳೆಯದಾದಾಗ ಕಡಿಮೆ ಬಿಡುತ್ತೆ, ಹಾಗಾಗಿ ವಾರದಿಂದ ವಾರಕ್ಕೆ ನೀರು ಒಂದೇ ಥರ ಇರೋಲ್ಲ. ಮೂರನೆಯದು ತಾಮ್ರದ ಕಾರ್ಟ್ರಿಜ್, ನಿಮಗೆ ನಿಜವಾಗಿ ಅಪಾಯ ಇರೋದು ಇದರಿಂದ. ಮನುಷ್ಯರಿಗೆ ಏನೂ ಆಗದ ಪ್ರಮಾಣದ ತಾಮ್ರ ಸಿಗಡಿಗೂ ಬಸವನಹುಳುವಿಗೂ ವಿಷ.

ಆದ್ದರಿಂದ ನೀರು ತೆಗೆಯೋದಾದರೆ ಮೆಂಬ್ರೇನ್ ಹೌಸಿಂಗಿನ (ಮೆಂಬ್ರೇನ್ ಕೂರುವ ಕವಚದ) ಶುದ್ಧ ನೀರಿನ ಬಾಯಿಂದ, ಈ ಮೂರೂ ಸೇರುವ ಮೊದಲೇ, ಒಂದು ಟೀ (ಮೂರು ಬಾಯಿಯ ಜೋಡಣೆ) ಮತ್ತು ಬಾಲ್ ವಾಲ್ವ್ ಹಾಕಿ ತೆಗೆಯಿರಿ. ಟಿಡಿಎಸ್ ಮೀಟರ್ ಯಂತ್ರದ ನಲ್ಲಿಯಲ್ಲಿ 90 ತೋರಿಸಿ ಈ ಟೀಯಲ್ಲಿ 18 ತೋರಿಸಿದರೆ, ನಡುವಿನ 72 ಯಾರ ಕೈವಾಡ ಅಂತ ಗೊತ್ತಾಗುತ್ತೆ.

ಒಂದು ಅನನುಕೂಲ ಇದೆ. ಯಂತ್ರದ ಒಳಗಿನ ಟ್ಯಾಂಕ್ ತುಂಬಿದ ಕೂಡಲೇ ಫ್ಲೋಟ್ ಸ್ವಿಚ್ ಪಂಪನ್ನು ನಿಲ್ಲಿಸುತ್ತೆ, ಆಗ ನಿಮ್ಮ ಟೀಯಲ್ಲೂ ಹನಿ ಬರೋಲ್ಲ. ವಾರಕ್ಕೆ 25–30 ಲೀಟರ್ ಬೇಕಾದವರು ಅದರ ಬೆನ್ನು ಬೀಳೋದಕ್ಕಿಂತ ಬೇರೆ ಜೋಡಿಸೋದು ವಾಸಿ.

ಪಾಚಿಶತ್ರು

ಅದಕ್ಕೂ ಮೊದಲು ಒಂದು ಮಾತು. ಗಪ್ಪಿ, ಮಾಲಿ, ಪ್ಲಾಟಿ, ಆಫ್ರಿಕನ್ ಸರೋವರದ ಸಿಕ್ಲಿಡ್ ಸಾಕೋರಿಗೆ ಇದ್ಯಾವುದೂ ಬೇಡ, ಅವಕ್ಕೆ ಗಡಸು ನೀರೇ ಇಷ್ಟ. ಟಿಡಿಎಸ್ ಅಂಕಿ ನೋಡಿ ಗಾಬರಿಯಾಗಿ ಆರ್‌ಒ ಹಾಕಿ, ಕೆಎಚ್ ಸೊನ್ನೆಗೆ ಇಳಿಸಿ, ರಾತ್ರೋರಾತ್ರಿ ಪಿಎಚ್ ಕುಸಿದು ಮೀನು ಕಳಕೊಳ್ಳೋರೇ ಜಾಸ್ತಿ. ಇಲ್ಲಿ ಕಾರ್ಡಿನಲ್ ಮತ್ತು ಸಿಗಡಿ ಇರೋದರಿಂದ ಪ್ರಶ್ನೆ ಸರಿಯಾಗಿಯೇ ಇದೆ.

ಪೈಪುರಿಂಚು

ಸರಿ, ಜೋಡಣೆ. ನೀರು ಹರಿಯುವ ಕ್ರಮದಲ್ಲೇ ಹೇಳ್ತೀನಿ.

ಮೊದಲು ಒತ್ತಡದ ಲೆಕ್ಕ. 10 ಮೀಟರ್ ಎತ್ತರದ ನೀರು ಅಂದರೆ ಸುಮಾರು 14 ಪಿಎಸ್‌ಐ. ನಲ್ಲಿಗಿಂತ 4 ಮೀಟರ್ ಮೇಲಿರುವ ಟ್ಯಾಂಕ್ ಕೊಡೋದು 6ಕ್ಕೂ ಕಡಿಮೆ. ಮೆಂಬ್ರೇನಿಗೆ ಕನಿಷ್ಠ 40 ಬೇಕು, 60–80 ಇದ್ದರೆ ಚೆನ್ನ. ಅಂದಮೇಲೆ 24 ವೋಲ್ಟಿನ ಬೂಸ್ಟರ್ ಪಂಪ್ ಇಲ್ಲದೆ ಶುರು ಮಾಡಲೇಬೇಡಿ.

ಕ್ರಮ ಹೀಗೆ: ಲೋ ಪ್ರೆಶರ್ ಸ್ವಿಚ್ (ನೀರು ಬಾರದಾಗ ಪಂಪ್ ನಿಲ್ಲಿಸೋದು), ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚೋದು), 5 ಮೈಕ್ರಾನ್ ಸೆಡಿಮೆಂಟ್ ಫಿಲ್ಟರ್, ಬೂಸ್ಟರ್ ಪಂಪ್, ಕಾರ್ಬನ್ ಬ್ಲಾಕ್, ಪ್ರೆಶರ್ ಗೇಜ್, ಮೆಂಬ್ರೇನ್. ಮೆಂಬ್ರೇನಿನಿಂದ ಹೊರಡುವ ಎರಡು ಪೈಪುಗಳಲ್ಲಿ ಒಂದು ಒಳ್ಳೆ ನೀರಿನದು: ಅದರ ಮೇಲೆ ಚೆಕ್ ವಾಲ್ವ್, ಆಮೇಲೆ ಹೈ ಪ್ರೆಶರ್ ಸ್ವಿಚ್ (ಡ್ರಮ್ ತುಂಬಿದಾಗ ಪಂಪ್ ನಿಲ್ಲಿಸೋದು), ಕೊನೆಗೆ ಒಳ್ಳೆ ನೀರು ಹಿಡಿಯುವ ಡ್ರಮ್ಮಿನ ಫ್ಲೋಟ್ ವಾಲ್ವ್. ಇನ್ನೊಂದು ರಿಜೆಕ್ಟ್ ನೀರಿನದು, ಅಂದರೆ ತಡೆದ ಉಪ್ಪನ್ನು ಹೊತ್ತು ಚರಂಡಿಗೆ ಹೋಗುವ ನೀರಿನದು: ಅದರ ಮೇಲೆ ಹರಿವನ್ನು ಬಿಗಿಹಿಡಿದು ಮೆಂಬ್ರೇನಿನಲ್ಲಿ ಒತ್ತಡ ಉಳಿಸುವ ಫ್ಲೋ ರೆಸ್ಟ್ರಿಕ್ಟರ್.

ಸೊಲೆನಾಯ್ಡ್ ದಂಡ ಅಂತ ಬಿಟ್ಟುಬಿಡೋರಿದ್ದಾರೆ. ಪಂಪ್ ನಿಂತರೂ ಮಾಳಿಗೆ ಟ್ಯಾಂಕಿನ ನೀರು ಮೆಲ್ಲಗೆ ಮೆಂಬ್ರೇನ್ ಮೇಲೆ ಹಾದು ರಿಜೆಕ್ಟ್ ಪೈಪಿನಿಂದ ಚರಂಡಿಗೆ ಇಳೀತಾನೇ ಇರುತ್ತೆ. ಬೆಳಗಾಗೋ ಹೊತ್ತಿಗೆ ಬಕೆಟುಗಟ್ಟಲೆ ಹೋಗಿರುತ್ತೆ, ಯಾರಿಗೂ ಗೊತ್ತಾಗೋಲ್ಲ. ಅದನ್ನು ತಡೆಯೋದೇ ಸೊಲೆನಾಯ್ಡ್. ಇನ್ನು ಚೆಕ್ ವಾಲ್ವ್ ಇಲ್ಲದಿದ್ದರೆ ಪಂಪ್ ನಿಂತ ತಕ್ಷಣ ಶುದ್ಧ ನೀರಿನ ಪೈಪಿನ ಒತ್ತಡ ಹಿಂದಕ್ಕೆ ಸೋರುತ್ತೆ, ಹೈ ಪ್ರೆಶರ್ ಸ್ವಿಚ್ ಮತ್ತೆ ಪಂಪನ್ನು ಎಬ್ಬಿಸುತ್ತೆ. ರಾತ್ರಿಯೆಲ್ಲ ಐದೈದು ನಿಮಿಷಕ್ಕೆ ಗುಂಯ್ ಅನ್ನೋ ಸದ್ದು ಕೇಳಿಸಿದರೆ ಕಾರಣ ಇದೇ.

ಪಂಪನ್ನು ಕಾರ್ಬನ್ ಆದಮೇಲೆ ಕೂರಿಸೋರೂ ಇದ್ದಾರೆ. ಒಳಬರುವ ಒತ್ತಡ ಇಷ್ಟು ಕಡಿಮೆ ಇದ್ದಾಗ ಪಂಪಿಗಿಂತ ಮೊದಲು ಒಂದೇ ಫಿಲ್ಟರ್ ಇರಲಿ, ಇಲ್ಲದಿದ್ದರೆ ಅದು ಹೀರಲಾರದೆ ಒದ್ದಾಡುತ್ತೆ. ಕಾರ್ಬನ್ ಪಂಪಿನ ಆಮೇಲೆ ಇದ್ದರೆ ಅದರ ಹೌಸಿಂಗಿನ ಮೇಲೆ ಪೂರ್ತಿ ಒತ್ತಡ ಬೀಳುತ್ತೆ, ಹೌಸಿಂಗ್ 125 ಪಿಎಸ್‌ಐ ತಡೆಯುವಂಥದ್ದೇ ಇರಲಿ.

ಕೂರಿಸುವಾಗ ತಪ್ಪೋದು ಇಲ್ಲಿ: ಮೆಂಬ್ರೇನಿನ ಒಂದು ತುದಿಯಲ್ಲಿ ಸಣ್ಣ ಕೊಳವೆ, ಅದರ ಮೇಲೆ ಎರಡು ಕಪ್ಪು ಓ-ರಿಂಗ್. ಆ ತುದಿಯೇ ಮೊದಲು ಹೌಸಿಂಗಿನ ತಳಕ್ಕೆ ಹೋಗಬೇಕು. ದಪ್ಪ ರಬ್ಬರ್ ಪಟ್ಟಿ ಮುಚ್ಚಳದ ಕಡೆಗೆ ಉಳಿಯುತ್ತೆ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಪೆಟ್ರೋಲಿಯಂ ಜೆಲ್ಲಿ ಬೇಡ, ರಬ್ಬರ್ ಉಬ್ಬುತ್ತೆ. ಒತ್ತುವಾಗ ತಳದಲ್ಲಿ ಒಂದು ಬಿಗಿ ಸಿಗುತ್ತೆ, ಅದನ್ನೂ ದಾಟಿಸಿ ಇನ್ನೊಂದು ಸೆಂಟಿಮೀಟರ್ ಒಳಗೆ ಹೋಗಬೇಕು. ಆ ಬಿಗಿಗೇ ನಿಲ್ಲಿಸಿ ಮುಚ್ಚಳ ತಿರುಗಿಸೋದು ಎಲ್ಲರೂ ಮಾಡುವ ತಪ್ಪು.

ಮೆಂಬ್ರೇನ್ ಹಾಕೋಕೆ ಮೊದಲು ಕಾರ್ಬನ್ ಬ್ಲಾಕಿನ ಮೂಲಕ 10–15 ಲೀಟರ್ ಹರಿಸಿ ಚೆಲ್ಲಿ. ಮೊದಲು ಬರೋದು ಕಪ್ಪು ನೀರು. ಆ ಪುಡಿ ಮೆಂಬ್ರೇನಿಗೆ ಹೋಗಬಾರದು. ಮೆಂಬ್ರೇನ್ ಹಾಕಿದ ಮೇಲೆ ಮೊದಲ 2 ಗಂಟೆಯ ಒಳ್ಳೆ ನೀರನ್ನೂ ಚೆಲ್ಲಿ, ಕೆಡದಿರಲಿ ಅಂತ ಹಾಕಿದ ರಾಸಾಯನಿಕ ಅದರಲ್ಲಿರುತ್ತೆ.

ಪೈಪನ್ನು ಕತ್ತರಿಯಲ್ಲಿ ಕತ್ತರಿಸಬೇಡಿ, ತುದಿ ಚಪ್ಪಟೆಯಾಗಿ ಪುಷ್‌ಫಿಟ್ ಸೋರುತ್ತೆ. ಹರಿತವಾದ ಬ್ಲೇಡಿನಿಂದ ನೇರಕ್ಕೆ ಕೊಯ್ದು, ತಡೆಯುವ ತನಕ ಒತ್ತಿ, ಆಮೇಲೆ ಒಮ್ಮೆ ಹಿಂದಕ್ಕೆ ಎಳೆದು ನೋಡಿ.

ಕಲ್ಲುಪಾಚಿ

ಎಷ್ಟು ಜಿಪಿಡಿ (ದಿನಕ್ಕೆ ಎಷ್ಟು ಗ್ಯಾಲನ್) ಮೆಂಬ್ರೇನ್? ರಿಜೆಕ್ಟ್ ನೀರು ತುಂಬಾ ಹೋಗುತ್ತಲ್ಲ, ಅದನ್ನು ಕಡಿಮೆ ಮಾಡೋಕೆ ಆಗುತ್ತಾ?

ನೀರ್ಲೆಕ್ಕ

50 ಜಿಪಿಡಿ ಅಂದರೆ ದಿನಕ್ಕೆ 189 ಲೀಟರ್, ನಿಮಿಷಕ್ಕೆ 131 ಮಿ.ಲೀ. 75 ಅಂದರೆ 284 ಲೀಟರ್, ನಿಮಿಷಕ್ಕೆ 197 ಮಿ.ಲೀ. ಇದು 25 ಡಿಗ್ರಿ ನೀರಿನಲ್ಲಿ, ಡಬ್ಬಿಯ ಮೇಲೆ ಬರೆದ ಒತ್ತಡದಲ್ಲಿ. ನೀರು ಒಂದು ಡಿಗ್ರಿ ತಣ್ಣಗಾದರೆ ಸುಮಾರು ನೂರಕ್ಕೆ 3ರಷ್ಟು ಇಳಿಯುತ್ತೆ. ಚಳಿಗಾಲದಲ್ಲಿ "ಮೆಂಬ್ರೇನ್ ಹೋಯ್ತು" ಅಂತ ಬಿಸಾಡುವ ಮೊದಲು ನೀರಿಗೆ ಥರ್ಮಾಮೀಟರ್ ಹಾಕಿ. ವಾರಕ್ಕೆ 25–30 ಲೀಟರ್ ಬೇಕಾದ ನಿಮಗೆ 50 ಸಾಕು, ನಾಲ್ಕು ಗಂಟೆಯ ಒಳಗೆ ಮುಗಿಯುತ್ತೆ.

ರಿಜೆಕ್ಟ್ ಕಡಿಮೆ ಮಾಡೋದರ ಬಗ್ಗೆ: ಒಳಬಂದ ಉಪ್ಪೆಲ್ಲ ರಿಜೆಕ್ಟಿನಲ್ಲೇ ಹೋಗಬೇಕು ಅಲ್ವಾ? ಒಂದು ಪಾಲು ಒಳ್ಳೆ ನೀರಿಗೆ ನಾಲ್ಕು ಪಾಲು ರಿಜೆಕ್ಟ್ ಬಿಟ್ಟರೆ ಅದರ ಗಡಸುತನ 1.25 ಪಟ್ಟು. ಒಂದಕ್ಕೆ ಮೂರು ಬಿಟ್ಟರೆ 1.33 ಪಟ್ಟು. ಒಂದಕ್ಕೊಂದು ಬಿಟ್ಟರೆ ಎರಡು ಪಟ್ಟು, ಅಂದರೆ ನಿಮ್ಮ ಲೆಕ್ಕದಲ್ಲಿ ಜಿಎಚ್ 36, ಕೆಎಚ್ 28ರ ನೀರು ಮೆಂಬ್ರೇನಿನ ಕೊನೆಯಂಚಿನ ಮೇಲೆ ಉಜ್ಜಿಕೊಂಡು ಹೋಗುತ್ತೆ. ಸುಣ್ಣ ಅಲ್ಲೇ ಕಲ್ಲುಗಟ್ಟುತ್ತೆ. ನಿಮ್ಮ ನೀರಿಗೆ ಒಂದಕ್ಕೆ ಮೂರಕ್ಕಿಂತ ಕೆಳಗೆ ಇಳಿಯಬೇಡಿ. ಉಳಿಸಿದ ನೀರಿಗಿಂತ ಕೆಟ್ಟ ಮೆಂಬ್ರೇನಿನ ಖರ್ಚೇ ಹೆಚ್ಚಾಗುತ್ತೆ.

ಹಾಗಾಗಿ 50 ಜಿಪಿಡಿಗೆ ನಿಮಿಷಕ್ಕೆ 400 ಮಿ.ಲೀ. ಹತ್ತಿರದ ರೆಸ್ಟ್ರಿಕ್ಟರ್ ಕೊಳ್ಳಿ. ಅದರ ಮೇಲಿನ ಅಂಕಿಯನ್ನು ನಂಬಬೇಡಿ. ಎರಡು ಪೈಪನ್ನೂ ಒಂದೊಂದು ಅಳತೆ ಲೋಟಕ್ಕೆ ಬಿಟ್ಟು ಸರಿಯಾಗಿ ಒಂದು ನಿಮಿಷ ಹಿಡಿಯಿರಿ.

ರಿಜೆಕ್ಟ್ ನೀರು 690 ಟಿಡಿಎಸ್ ಆಸುಪಾಸು ಬರುತ್ತೆ. ನೆಲ ಒರೆಸೋಕೆ, ಶೌಚಾಲಯಕ್ಕೆ ಧಾರಾಳವಾಗಿ ಆಗುತ್ತೆ. ಕುಂಡದ ಗಿಡಕ್ಕೆ ದಿನಾ ಅದನ್ನೇ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪೊರೆ ಕೂರುತ್ತೆ.

ಕೊಳಾಯಿಕಣ್ಣು

ಕೊಳವೆಬಾವಿ ನೀರಿಗೆ ಕಾರ್ಬನ್ ಯಾಕೆ, ಕ್ಲೋರಿನ್ನೇ ಇಲ್ಲವಲ್ಲ?

ಹವಳದಿಬ್ಬ

ಮೇಲಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆದ ದಿನ ಇರುತ್ತದೆ. ಅಷ್ಟೇ ಸಾಕು: ಈ ತೆಳು ಪದರದ ಮೆಂಬ್ರೇನ್ ಕ್ಲೋರಿನ್ ತಾಳುವುದಿಲ್ಲ, ಒಮ್ಮೆ ಸುಟ್ಟರೆ ಮತ್ತೆ ಸರಿಹೋಗುವುದಿಲ್ಲ.

ನಲ್ಲಿ ನೀರು ಬಳಸುವವರಿಗೆ ಇನ್ನೊಂದು ಮಾತು. ಕೆಲವು ಕಡೆ ಕ್ಲೋರಿನ್ ಬದಲು ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯಾ ಕೂಡಿದ್ದು) ಬಳಸುತ್ತಾರೆ. ಕ್ಲೋರಿನ್ ಆದರೆ ಬಕೆಟ್ಟಿನಲ್ಲಿಟ್ಟು ಏರ್‌ಸ್ಟೋನ್ ಹಾಕಿದರೆ ಒಂದು ದಿನದಲ್ಲಿ ಹಾರಿಹೋಗುತ್ತದೆ. ಕ್ಲೋರಮಿನ್ ಹಾಗೆ ಹೋಗದು. ಅದನ್ನು ಒಡೆಯಲು ಕಾರ್ಬನ್ನಿನ ಜೊತೆ ನೀರು ಹೆಚ್ಚು ಹೊತ್ತು ಇರಬೇಕು. ಆದ್ದರಿಂದ ಎರಡು ಕಾರ್ಬನ್ ಬ್ಲಾಕ್ ಸಾಲಾಗಿ ಹಾಕಿ, ಇಲ್ಲವೇ ಕ್ಯಾಟಲಿಟಿಕ್ ಕಾರ್ಬನ್ ತನ್ನಿ. ಒಡೆದಾಗ ಅಮೋನಿಯಾ ಉಳಿಯುತ್ತದೆ. ಪಿಎಚ್ ಹೆಚ್ಚಿದ್ದಷ್ಟೂ ಅದು ಅನಿಲದ ರೂಪದಲ್ಲಿ ಮೆಂಬ್ರೇನನ್ನು ದಾಟುತ್ತದೆ.

ಕಾರ್ಬನ್ ಬದಲಿಸುವ ಹೊತ್ತನ್ನು ಕ್ಯಾಲೆಂಡರಿನಿಂದ ನಿರ್ಧರಿಸಬೇಡಿ. ರಿಜೆಕ್ಟ್ ಪೈಪಿನ ನೀರಿಗೆ ಒಟ್ಟು ಕ್ಲೋರಿನ್ ಪರೀಕ್ಷೆ ಮಾಡಿ. ಆ ನೀರು ಕಾರ್ಬನ್ ದಾಟಿ ಬಂದದ್ದೇ ತಾನೇ? ಸ್ವಲ್ಪ ಬಣ್ಣ ಬಂದರೂ ಬ್ಲಾಕ್ ಮುಗಿದಿದೆ. ಟಿಡಿಎಸ್ ಮೀಟರಿಗೆ ಕ್ಲೋರಿನ್ ಕಾಣುವುದೇ ಇಲ್ಲ.

ಕಲ್ಲುಪಾಚಿ

ಜೋಡಿಸಿ ಆಯ್ತು. ಎರಡು ಗಂಟೆ ಚೆಲ್ಲಿದ ಮೇಲೂ ಒಳಗೆ 520, ಹೊರಗೆ 95. ಹೊಸ ಮೆಂಬ್ರೇನ್. ಒಳ್ಳೆ ನೀರು ನಿಮಿಷಕ್ಕೆ 60 ಮಿ.ಲೀ.

ನೀರ್ಲೆಕ್ಕ

520ರಲ್ಲಿ 425 ತಡೆದಿದೆ, ಅಂದರೆ ನೂರಕ್ಕೆ 82. ಹೊಸ ಮೆಂಬ್ರೇನ್ 96ರಿಂದ 98 ತಡೆಯಬೇಕು. ಗೇಜ್ ಎಷ್ಟು ತೋರಿಸ್ತಿದೆ? ರಿಜೆಕ್ಟ್ ನಿಮಿಷಕ್ಕೆ ಎಷ್ಟು?

ಅಷ್ಟರಲ್ಲಿ ಬೇರೆಯವರಿಗೂ ಉಪಯೋಗ ಆಗಲಿ. ಎರಡೇ ಅಂಕಿ ನೋಡಿ, ಎಷ್ಟು ಬರ್ತಿದೆ, ಎಷ್ಟು ಶುದ್ಧ ಬರ್ತಿದೆ. ನೀರು ಕಡಿಮೆ, ಟಿಡಿಎಸ್ಸೂ ಜಾಸ್ತಿ ಅಂದರೆ ಒತ್ತಡ ಸಾಲದು ಅಥವಾ ಸುಣ್ಣ ಕಟ್ಟಿದೆ. ನೀರು ಲೆಕ್ಕಕ್ಕಿಂತ ಜಾಸ್ತಿ, ಟಿಡಿಎಸ್ಸೂ ಜಾಸ್ತಿ ಅಂದರೆ ಓ-ರಿಂಗ್ ಪಕ್ಕದಿಂದ ಗಡಸು ನೀರು ನುಸುಳ್ತಿದೆ, ಇಲ್ಲವೇ ಕ್ಲೋರಿನ್ ಪದರವನ್ನು ತಿಂದಿದೆ. ನೀರು ಕಡಿಮೆ ಆದರೂ ಟಿಡಿಎಸ್ ಚೆನ್ನಾಗಿದ್ದರೆ ಮೆಂಬ್ರೇನಿಗೆ ಕೈ ಹಚ್ಚಬೇಡಿ, ಮೊದಲು ಸೆಡಿಮೆಂಟ್ ಫಿಲ್ಟರ್ ಮತ್ತು ನೀರಿನ ತಾಪ ನೋಡಿ.

ಕಲ್ಲುಪಾಚಿ

ಗೇಜ್ 22. ರಿಜೆಕ್ಟ್ ಎರಡು ಲೀಟರಿಗೂ ಮೇಲೆ.

ಪೈಪುರಿಂಚು

ರೆಸ್ಟ್ರಿಕ್ಟರ್ ಇಲ್ಲ, ಇಲ್ಲವೇ ಒಳ್ಳೆ ನೀರಿನ ಪೈಪಿಗೆ ಹಾಕಿದ್ದೀರಿ. ಹೌಸಿಂಗಿನ ಒಂದೇ ತುದಿಯಲ್ಲಿ ಎರಡು ಬಾಯಿ ಇವೆ: ನಟ್ಟನಡುವೆ ಇರೋದು ಒಳ್ಳೆ ನೀರಿನದು, ಅಂಚಿಗಿರೋದು ರಿಜೆಕ್ಟಿನದು.

ಕಲ್ಲುಪಾಚಿ

ಹೌದು, ಅದಲು ಬದಲಾಗಿತ್ತು. ಈಗ ಗೇಜ್ 72, ಒಳ್ಳೆ ನೀರು 140 ಮಿ.ಲೀ., ರಿಜೆಕ್ಟ್ 430, ಟಿಡಿಎಸ್ 16.

ನೀರ್ಲೆಕ್ಕ

ನೂರಕ್ಕೆ 96.9. ಈ ನಾಲ್ಕು ಅಂಕಿಯನ್ನೂ ತಾರೀಖಿನ ಜೊತೆ ಹೌಸಿಂಗ್ ಮೇಲೆ ಬರೆದಿಡಿ. ಮುಂದೆ ಏನೇ ಕೆಟ್ಟರೂ ಹೋಲಿಸೋಕೆ ಇದೇ ಆಧಾರ. ಪಂಪಿಗಿಂತ ಮೊದಲು ಸೆಡಿಮೆಂಟ್, ಆಮೇಲೆ ಕಾರ್ಬನ್ ಇರೋದರಿಂದ ಯಾವುದು ಕಟ್ಟಿಕೊಂಡರೂ ಗೇಜ್ ಇಳಿಯುತ್ತೆ. 10–15 ಪಿಎಸ್‌ಐ ಇಳಿದಾಗ ಮೊದಲು ಸೆಡಿಮೆಂಟ್ ಬದಲಿಸಿ.

ಪಾಚಿಶತ್ರು

ಇನ್ನೊಂದು: ಯಂತ್ರ ನಿಂತಿದ್ದಾಗ ಮೆಂಬ್ರೇನಿನ ಆಚೆಯ ಉಪ್ಪು ಮೆಲ್ಲಗೆ ಈಚೆಗೆ ಹಾಯುತ್ತೆ. ಮತ್ತೆ ಶುರು ಮಾಡಿದಾಗ ಮೊದಲ ಒಂದೆರಡು ನಿಮಿಷ ಟಿಡಿಎಸ್ 80, 100 ಇದ್ದು ಆಮೇಲೆ 16ಕ್ಕೆ ಇಳಿಯುತ್ತೆ. ಫ್ಲೋಟ್ ವಾಲ್ವ್ ಅರ್ಧರ್ಧ ಲೀಟರಿಗೆಲ್ಲ ತೆರೆದುಕೊಂಡರೆ ಡ್ರಮ್ಮಿಗೆ ಬೀಳೋದು ಬರೀ ಈ ಕೆಟ್ಟ ಭಾಗ. ಡ್ರಮ್ ಪೂರ್ತಿ ಖಾಲಿಯಾದ ಮೇಲೆ ಒಂದೇ ಸಲ ತುಂಬಿಸಿ, ಮೊದಲ ಎರಡು ನಿಮಿಷದ್ದನ್ನು ಬಕೆಟ್ಟಿಗೆ ಬಿಡಿ.

ಆರ್‌ಒ ಪೈಪನ್ನು ನೇರ ಅಕ್ವೇರಿಯಂಗೆ ಫ್ಲೋಟ್ ಹಾಕಿ ಬಿಡಬೇಡಿ. ಫ್ಲೋಟಿಗೆ ಒಂದು ಬಸವನಹುಳು ಅಡ್ಡ ಕೂತರೆ ಸಾಕು, ನೆಲ ತುಂಬ ನೀರು. ನಡುವೆ 20–25 ಲೀಟರಿನ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ ಇರಲಿ. ಮೆಂಬ್ರೇನ್ ಆದಮೇಲೆ ಹಿತ್ತಾಳೆ, ಜಿಐ ಫಿಟ್ಟಿಂಗ್ ಒಂದೂ ಬೇಡ, ಈ ಖಾಲಿ ನೀರು ಲೋಹವನ್ನು ಕರಗಿಸಿಕೊಂಡು ಬರುತ್ತೆ.

ಕೊಳಾಯಿಕಣ್ಣು

16 ಇದ್ದರೆ ಸಾಕಾ? ಡಿಐ ರೆಸಿನ್ (ಉಳಿದ ಉಪ್ಪನ್ನೂ ಹಿಡಿದುಕೊಳ್ಳುವ ಮಣಿಗಳು) ಹಾಕಿ ಸೊನ್ನೆ ಮಾಡಬೇಕು ಅಂತಾರಲ್ಲ.

ಹವಳದಿಬ್ಬ

ಸಿಹಿನೀರಿಗೆ ಬೇಡ. ಹೇಗಿದ್ದರೂ ಮತ್ತೆ ಖನಿಜ ಸೇರಿಸುತ್ತೀರಿ, 16 ತೆಗೆದು 150 ಹಾಕುವುದರಲ್ಲಿ ಅರ್ಥವಿಲ್ಲ. ಹವಳದ ಟ್ಯಾಂಕಿಗೆ ಮಾತ್ರ ಬೇಕು, ಅಲ್ಲಿ ಉಳಿದ ಸಿಲಿಕೇಟ್, ಫಾಸ್ಫೇಟ್ ಕಂದು ಪಾಚಿಯಾಗಿ ಎದ್ದು ಬರುತ್ತವೆ.

ಹಾಕುವುದಾದರೆ ನೀರು ಕೆಳಗಿನಿಂದ ಮೇಲಕ್ಕೆ ಹರಿಯಲಿ, ಇಲ್ಲದಿದ್ದರೆ ರೆಸಿನ್ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ. ಕೊಳವೆಬಾವಿ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವುದುಂಟು. ಅದು ಅನಿಲವಾದ್ದರಿಂದ ಮೆಂಬ್ರೇನ್ ತಡೆಯುವುದಿಲ್ಲ, ಮೀಟರೂ ಅಷ್ಟಾಗಿ ತೋರಿಸುವುದಿಲ್ಲ, ಆದರೆ ರೆಸಿನ್ನಿನ ಆನಯಾನ್ (ಋಣ ಅಯಾನು ಹಿಡಿಯುವ) ಭಾಗವನ್ನು ಬೇಗ ಮುಗಿಸುತ್ತದೆ. ಹಾಗಾದಾಗ ಆರ್‌ಒ ನೀರನ್ನು ಒಂದು ಡ್ರಮ್ಮಿನಲ್ಲಿ ಏರ್‌ಸ್ಟೋನ್ ಹಾಕಿ ಒಂದು ದಿನ ಇಟ್ಟು, ಆಮೇಲೆ ಸಣ್ಣ ಪಂಪಿನಿಂದ ರೆಸಿನ್ನಿಗೆ ಬಿಡಿ. ರೆಸಿನ್ ಮುಗಿಯುತ್ತ ಬಂದಾಗ ಮೊದಲು ಜಾರುವುದು ಸಿಲಿಕ, ಮೀಟರಿನಲ್ಲಿ 1 ಕಾಣುವ ಮೊದಲೇ. ಹಾಗಾಗಿ ಬಣ್ಣ ಬದಲಿಸುವ ರೆಸಿನ್ನಿನಲ್ಲಿ ಬಣ್ಣ ಮುಕ್ಕಾಲು ಏರಿದಾಗಲೇ ಬದಲಿಸುವುದು ಒಳ್ಳೆಯದು.

ಕಲ್ಲುಪಾಚಿ

ಖನಿಜ ಸೇರಿಸೋದು ಹೇಗೆ?

ಪೈಪುರಿಂಚು

ಟೆಟ್ರಾಗಳಿಗೆ ಏನೂ ಕೊಳ್ಳಬೇಡಿ, ನಿಮ್ಮ ಬಾವಿ ನೀರನ್ನೇ ಬೆರೆಸಿ. ಕೆಎಚ್ 4 ಬೇಕು, ಇರೋದು 14. ನಾಲ್ಕನ್ನು ಹದಿನಾಲ್ಕರಿಂದ ಭಾಗಿಸಿದರೆ 0.286. ಅಂದರೆ 35 ಲೀಟರಿಗೆ ಬಾವಿ ನೀರು 10, ಆರ್‌ಒ 25. ಜಿಎಚ್ 5ರ ಸುಮಾರಿಗೆ, ಟಿಡಿಎಸ್ 160ರ ಸುಮಾರಿಗೆ ಬರುತ್ತೆ. ಬೆರೆಸೋಕೆ ಮೊದಲು ಬಾವಿ ನೀರಿನ ನೈಟ್ರೇಟ್ ಮಾತ್ರ ಒಮ್ಮೆ ನೋಡಿ.

ಕೆಂಪುಸಿಗಡಿ

ಚೆರ್ರಿ ಸಿಗಡಿಗೂ ಆ ಬೆರಕೆಯೇ ನಡೆಯುತ್ತೆ. ಕ್ರಿಸ್ಟಲ್ ರೆಡ್ ಥರದ ಕ್ಯಾರಿಡಿನಾ ಜಾತಿಯ ಸಿಗಡಿಗೆ ನಡೆಯೋಲ್ಲ: ಅವಕ್ಕೆ ಕೆಎಚ್ 0–1, ಜಿಎಚ್ 4–6 ಬೇಕು. ಕೆಎಚ್ 1 ಮಾಡೋಕೆ ಬಾವಿ ನೀರು ಹದಿನಾಲ್ಕರಲ್ಲಿ ಒಂದು ಪಾಲು ಹಾಕಿದರೆ ಜಿಎಚ್ಚೂ 1.3ಕ್ಕೆ ಬಿದ್ದುಹೋಗುತ್ತೆ. ಆಗ ಉಪ್ಪಿನ ಲೆಕ್ಕವೇ ಗತಿ.

100 ಲೀಟರ್ ಆರ್‌ಒ ನೀರಿಗೆ ಒಂದು ಡಿಗ್ರಿ ಏರಿಸೋಕೆ: ಜಿಎಚ್‌ಗೆ ಜಿಪ್ಸಮ್, ಅಂದರೆ ಕ್ಯಾಲ್ಸಿಯಂ ಸಲ್ಫೇಟ್ ಡೈಹೈಡ್ರೇಟ್, 3.1 ಗ್ರಾಂ, ಅಥವಾ ಎಪ್ಸಮ್ ಉಪ್ಪು 4.4 ಗ್ರಾಂ. ಕೆಎಚ್‌ಗೆ ಅಡುಗೆ ಸೋಡಾ 3 ಗ್ರಾಂ. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಹುಳಿಪುಡಿ ಬೆರೆತಿರುತ್ತೆ. ಗಿಡಗಳಿದ್ದರೆ ಸೋಡಾ ಬದಲು ಪೊಟ್ಯಾಶಿಯಂ ಬೈಕಾರ್ಬನೇಟ್ 3.6 ಗ್ರಾಂ, ಸೋಡಿಯಂ ಸೇರೋಲ್ಲ.

ಕ್ಯಾರಿಡಿನಾಕ್ಕೆ ಜಿಎಚ್ 5 ಸಾಕು: 20 ಲೀಟರಿಗೆ ಮೂರೂವರೆ ಡಿಗ್ರಿ ಜಿಪ್ಸಮ್‌ನಿಂದ, 2.2 ಗ್ರಾಂ, ಒಂದೂವರೆ ಡಿಗ್ರಿ ಎಪ್ಸಮ್‌ನಿಂದ, 1.3 ಗ್ರಾಂ. ಸೋಡಾ ಬೇಡವೇ ಬೇಡ. 0.1 ಗ್ರಾಂ ತೋರಿಸುವ ತಕ್ಕಡಿ ಬೇಕು, ಚಮಚದ ಲೆಕ್ಕ ಇಲ್ಲಿ ನಡೆಯೋಲ್ಲ.

ಜಿಪ್ಸಮ್ ಕರಗೋಕೆ ಬಹಳ ಸತಾಯಿಸುತ್ತೆ. ಲೋಟದಲ್ಲಿ ಕದಡಿದರೆ ಹಾಲಿನ ಹಾಗೆ ತೇಲಿ ತಳಕ್ಕೆ ಕೂರುತ್ತೆ, ಕರಗಿಲ್ಲ ಅಂತ ಇನ್ನಷ್ಟು ಸುರಿಯಬೇಡಿ. ಡ್ರಮ್ಮಿಗೇ ನೇರ ಹಾಕಿ, ಸಣ್ಣ ಪಂಪ್ ಬಿಟ್ಟು ಕೆಲವು ಗಂಟೆ ಸುತ್ತಿಸಿ, ಟಿಡಿಎಸ್ ಏರೋದು ನಿಂತ ಮೇಲೆ ಅಳೆಯಿರಿ.

ಇದಕ್ಕಿಂತ ಮುಖ್ಯವಾದ್ದು, ಈಗ ಟ್ಯಾಂಕಿನಲ್ಲಿರೋದು 520. ಅದನ್ನು ಒಂದೇ ದಿನ 160ಕ್ಕೆ ತರಬೇಡಿ. ವಾರಕ್ಕೆ ನೂರಕ್ಕೆ 10–15 ಭಾಗ ನೀರು ಮಾತ್ರ ಬದಲಿಸುತ್ತ ಕೆಲವು ವಾರ ತಗೊಳ್ಳಿ. ಸಿಗಡಿ ಇದ್ದಿದ್ದರೆ ಅವಸರಕ್ಕೆ ಅಕಾಲದಲ್ಲಿ ಪೊರೆ ಕಳಚೋಕೆ ಹೋಗಿ ನಡುಬೆನ್ನಲ್ಲಿ ಬಿಳಿ ಉಂಗುರ ಬಿದ್ದು ಸಾಯ್ತಿದ್ದವು. ಆವಿಯಾದ ನೀರಿನ ಬದಲಿಗೆ ಮಾತ್ರ ಬರೀ ಆರ್‌ಒ ಹಾಕಿ. ನೀರು ಆವಿಯಾಗುತ್ತೆ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತೆ.

ಕೊಳಾಯಿಕಣ್ಣು

ಡ್ರಮ್ಮಿನ ಆರ್‌ಒ ನೀರಿನ ಪಿಎಚ್ 5.8 ತೋರಿಸ್ತಿದೆ. ಹುಳಿಯಾಗಿಲ್ಲವಾ?

ಹವಳದಿಬ್ಬ

ಗಾಳಿಯ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಕರಗಿದರೂ ಆ ಅಂಕಿ ಬರುತ್ತದೆ, ತಡೆಯಲು ನೀರಿನಲ್ಲಿ ಏನೂ ಇಲ್ಲ. ಉಪ್ಪೇ ಇಲ್ಲದ ನೀರಿನಲ್ಲಿ ಪಿಎಚ್ ಮೀಟರೂ ನಿಂತಲ್ಲಿ ನಿಲ್ಲುವುದಿಲ್ಲ. ಖನಿಜ ಬೆರೆಸಿದ ಮೇಲೆ ಅಳೆಯಿರಿ.

ಕಲ್ಲುಪಾಚಿ

ಕೊನೆಯದು. ಒಂದು ತಿಂಗಳು ಯಂತ್ರ ನಿಲ್ಲಿಸಬೇಕಾಗಿ ಬಂದರೆ?

ಪೈಪುರಿಂಚು

ಮೆಂಬ್ರೇನ್ ಒಣಗಬಾರದು, ನಿಂತ ನೀರಿನಲ್ಲಿ ಲೋಳೆಯೂ ಕಟ್ಟಬಾರದು. ವಾರಕ್ಕೊಮ್ಮೆ ಯಾರಾದರೂ ಹದಿನೈದು ನಿಮಿಷ ಓಡಿಸೋಕೆ ಸಾಧ್ಯವಿದ್ದರೆ ಹಾಗೇ ಬಿಡಿ. ಇಲ್ಲದಿದ್ದರೆ ಮೆಂಬ್ರೇನ್ ಹೊರತೆಗೆದು, ಒಂದು ಲೀಟರ್ ಆರ್‌ಒ ನೀರಿಗೆ 10 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್ ಕರಗಿಸಿದ ದ್ರಾವಣದಲ್ಲಿ ಮುಳುಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಕೆಳತಟ್ಟೆಯಲ್ಲಿಡಿ. ಫ್ರೀಜರಿನಲ್ಲಿ ಬೇಡ. ಕಿಟಕಿ ತೆರೆದು ಕರಗಿಸಿ, ಅದರ ಘಾಟು ಮೂಗಿಗೆ ಹೊಡೆಯುತ್ತೆ. ಚೀಲದ ಮೇಲೆ ಹೆಸರು ಬರೆಯೋದು ಮರೀಬೇಡಿ, ಮನೆಯವರು ತಿನ್ನೋ ಸಾಮಾನು ಅಂದುಕೊಂಡಾರು. ಮತ್ತೆ ಹಾಕಿದಾಗ ಹೊಸದರ ಹಾಗೇ 2 ಗಂಟೆ ಚೆಲ್ಲಿ, ಹೌಸಿಂಗ್ ಮೇಲೆ ಬರೆದ ಅಂಕಿಗೆ ಹೋಲಿಸಿ.